ನ್ಯಾಯ ನಿನ್ನ ಕಡೆಗಿದೆ, ಆದರೆ…

(ಧಾರವಾಡದಲ್ಲಿ ಬಿ.ಎಡ್. ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು ಇವು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಸಮಯ ಸಾಲದೆ ಅಂದು ಬಿಟ್ಟಿದ್ದ ಕೆಲವು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ "ಜಗತ್ತಿನಲ್ಲಿ ಶಿಕ್ಷಣದ ಹಕ್ಕು". ಜಗತ್ತು ದೊಡ್ಡದು. ಎಲ್ಲಿಂದ ಹಿಡಿಯುವುದು ಅಂತ ಯೋಚಿಸಿದೆ. ಕೊನೆಗೆ ನಾವು ಕೂತಿರುವ ಈ ಊರಿನಿಂದಲೇ ಶುರು ಮಾಡೋಣ ಅನ್ನಿಸಿತು.

1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಆಳುತ್ತಿದ್ದದ್ದು ಈಸ್ಟ್ ಇಂಡಿಯಾ ಕಂಪನಿ. ಇಲ್ಲಿನ ಸರ್ಕಾರಿ ಶಾಲೆಗೆ ಸೇರಲು ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಹೋದ. ಎಲ್ಲರೂ ಕಟ್ಟುವ ಫೀಸು ತಾನೂ ಕಟ್ಟುತ್ತೇನೆ ಅಂದ. ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಹುಡುಗ ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲ. ಮುಂಬೈ ಸರ್ಕಾರಕ್ಕೇ ಅರ್ಜಿ ಹಾಕಿದ.

ಒಂದು ಕ್ಷಣ ಇದನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಗ ಸಂವಿಧಾನ ಇಲ್ಲ. ಶಿಕ್ಷಣದ ಹಕ್ಕು ಅನ್ನುವ ಮಾತೇ ಇಲ್ಲ. ಅವನ ಪರ ನಿಲ್ಲುವ ಕಾನೂನು ಒಂದೂ ಇಲ್ಲ. ಆದರೂ "ನನಗೆ ಯಾಕೆ ಇಲ್ಲ?" ಅಂತ ಆಳುವವರನ್ನೇ ಕೇಳಿದ.

ಜುಲೈನಲ್ಲಿ ಸರ್ಕಾರ ಠರಾವು ಹೊರಡಿಸಿತು. ಅದರ ಸಾರ ಹೀಗಿದೆ. ಅರ್ಜಿದಾರನ ಕಡೆಗೆ ನ್ಯಾಯ ಇದೆ, ಅದರಲ್ಲಿ ಅನುಮಾನವಿಲ್ಲ. ಇವತ್ತು ಅವನಿಗೆ ಅಡ್ಡ ಬಂದಿರುವ ಪೂರ್ವಗ್ರಹಗಳು ಬೇಗ ತೊಲಗಲಿ ಎಂದು ಸರ್ಕಾರವೂ ಆಶಿಸುತ್ತದೆ. ಆದರೆ ಒಬ್ಬಿಬ್ಬರಿಗೋಸ್ಕರ ತಲೆತಲಾಂತರದಿಂದ ಬಂದ ನಂಬಿಕೆಗಳಿಗೆ ಏಕಾಏಕಿ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ದೊಡ್ಡ ಪೆಟ್ಟು ಬೀಳುತ್ತದೆ. ಮೇಲಾಗಿ ಈ ತೊಂದರೆ ಸರ್ಕಾರ ಹುಟ್ಟುಹಾಕಿದ್ದಲ್ಲ.

ಈ ಠರಾವು ನಮ್ಮವರ ಗಮನಕ್ಕೆ ಬರಲು ದೊಡ್ಡ ಕಾರಣ ಅಂಬೇಡ್ಕರ್. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅವರು ಇದನ್ನು ಎತ್ತಿ ತೋರಿಸಿದರು. ಅದರಲ್ಲಿ ಹುಡುಗನ ಹೆಸರಿಲ್ಲ. "ಮಹಾರ್ ಅರ್ಜಿದಾರ", ಅಷ್ಟೇ.

ಅರ್ಜಿಯ ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಕಲ್ಕತ್ತಾದ ಗವರ್ನರ್ ಜನರಲ್ ತನಕ ಹೋಯಿತು, ಅಲ್ಲಿಂದ ಲಂಡನ್‌ಗೆ ಹೋಯಿತು. 1858ರ ಏಪ್ರಿಲ್‌ನಲ್ಲಿ ಕಂಪನಿಯ ನಿರ್ದೇಶಕರು ಪತ್ರ ಬರೆದರು. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಈ ತತ್ವದಿಂದ ನಾವು ಹಿಂದೆ ಸರಿಯಲಾರೆವು ಅಂದರು. ಕಾಗದದ ಮೇಲೆ ಹುಡುಗ ಗೆದ್ದ. ಊರೂರಿನ ಶಾಲೆಗಳಲ್ಲಿ ಆ ತತ್ವ ಜಾರಿಗೆ ಬರಲು ಎಷ್ಟು ತಲೆಮಾರು ಬೇಕಾಯಿತು ಅಂತ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ತಿಳಿಯುತ್ತದೆ.

"ನ್ಯಾಯ ನಿನ್ನ ಕಡೆಗಿದೆ, ಆದರೆ." ಇವತ್ತು ನನ್ನ ಮಾತೆಲ್ಲ ಈ "ಆದರೆ" ಮೇಲೆಯೇ. ಶಿಕ್ಷಣದ ಹಕ್ಕಿಗೆ ನೇರವಾಗಿ ಎದುರು ಮಾತಾಡುವವರು ಕಡಿಮೆ. ಓದು ಬೇಡ ಅಂತ ವೇದಿಕೆ ಮೇಲೆ ನಿಂತು ಹೇಳುವವರನ್ನು ನೀವು ಎಷ್ಟು ಮಂದಿಯನ್ನು ನೋಡಿದ್ದೀರಿ? ಎಲ್ಲರೂ ಹೌದು ಅನ್ನುತ್ತಾರೆ. ಆಮೇಲೆ ಒಂದು "ಆದರೆ" ಸೇರಿಸುತ್ತಾರೆ. ಮಗು ನಿಂತುಬಿಡುವುದು ಅಲ್ಲೇ.

1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿತು. 48 ದೇಶಗಳು ಪರವಾಗಿದ್ದವು, 8 ದೇಶಗಳು ಮತ ಹಾಕದೆ ಉಳಿದವು, ವಿರೋಧ ಒಂದೂ ಇರಲಿಲ್ಲ. ಅದರ 26ನೇ ವಿಧಿ ಹೇಳುವುದು ಇಷ್ಟು: ಪ್ರತಿಯೊಬ್ಬರಿಗೂ ಶಿಕ್ಷಣದ ಹಕ್ಕಿದೆ. ಕನಿಷ್ಠ ಪ್ರಾಥಮಿಕ ಹಂತದಲ್ಲಾದರೂ ಅದು ಉಚಿತವಾಗಿರಬೇಕು, ಕಡ್ಡಾಯವಾಗಿರಬೇಕು. ಆ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ "ಎಲ್ಲ ಪುರುಷರೂ" ಎಂಬ ಅರ್ಥ ಕೊಡುವ ಪದಗಳಿದ್ದವು. ಅದನ್ನು "ಎಲ್ಲ ಮನುಷ್ಯರೂ" ಎಂದು ಬದಲಾಯಿಸಲು ಹಟ ಹಿಡಿದವರು ಭಾರತದ ಹಂಸಾ ಮೆಹ್ತಾ. ಇಲ್ಲಿ ಕೂತಿರುವ ಹೆಣ್ಣುಮಕ್ಕಳು ಆ ಹೆಸರನ್ನು ನೆನಪಿಡಬೇಕು.

ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ತಂದ 1966ರ ಒಪ್ಪಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರಾಥಮಿಕ ಶಿಕ್ಷಣವನ್ನು ಇನ್ನೂ ಉಚಿತ ಮಾಡದ ದೇಶ, ಒಪ್ಪಂದಕ್ಕೆ ಸೇರಿದ ಎರಡು ವರ್ಷದೊಳಗೆ ಅದಕ್ಕೊಂದು ಯೋಜನೆ ತಯಾರಿಸಬೇಕು ಎಂದು ಅದರ 14ನೇ ವಿಧಿ ಹೇಳುತ್ತದೆ. ಗಡುವು ಇರುವುದರಿಂದ ನನಗೆ ಈ ವಿಧಿ ಇಷ್ಟ. ಗಡುವು ಇಲ್ಲದ ಹಕ್ಕು ಬರೀ ಹಾರೈಕೆ ಆಗಿಬಿಡುತ್ತದೆ, ಅಲ್ವಾ?

ಈಗ ಅಮೆರಿಕದ ವರ್ಜೀನಿಯಾಗೆ ಹೋಗೋಣ. ಅಲ್ಲಿ ಪ್ರಿನ್ಸ್ ಎಡ್ವರ್ಡ್ ಕೌಂಟಿ ಅಂತ ಒಂದು ಕೃಷಿ ಪ್ರದೇಶ. ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಫಾರ್ಮ್‌ವಿಲ್ ಎಂಬ ಊರಿನಲ್ಲಿ ಕಪ್ಪು ಮಕ್ಕಳಿಗೆ ಮೋಟನ್ ಹೈಸ್ಕೂಲ್ ಇತ್ತು. 180 ಮಕ್ಕಳಿಗೆ ಅಂತ ಕಟ್ಟಿದ್ದು. 1951ರ ಹೊತ್ತಿಗೆ ಅಲ್ಲಿ 450ಕ್ಕೂ ಜಾಸ್ತಿ ಮಕ್ಕಳು ಓದುತ್ತಿದ್ದರು. ಜಾಗ ಸಾಲದೆ ಅಂಗಳದಲ್ಲಿ ಟಾರು ಕಾಗದ ಹೊದಿಸಿದ ಶೆಡ್ಡುಗಳನ್ನು ಹಾಕಿದ್ದರು. ಮಳೆ ಬಂದರೆ ಸೋರುತ್ತಿತ್ತು. ಚಳಿಗಾಲದಲ್ಲಿ ಒಲೆ ಪಕ್ಕ ಕೂತವರಿಗೆ ಬೇಗೆ, ದೂರ ಕೂತವರಿಗೆ ನಡುಕ. ಕೋಟು ಹಾಕಿಕೊಂಡೇ ಪಾಠ ಕೇಳುತ್ತಿದ್ದರು. ಬಿಳಿಯ ಮಕ್ಕಳ ಶಾಲೆ ಹೀಗಿರಲಿಲ್ಲ.

ಅಲ್ಲಿ ಓದುತ್ತಿದ್ದ ಬಾರ್ಬರಾ ಜಾನ್ಸ್‌ಗೆ ಆಗ 16 ವರ್ಷ. ದೊಡ್ಡವರು ಎಷ್ಟು ಸಲ ಕೇಳಿದರೂ ಶಾಲಾ ಮಂಡಳಿ "ನೋಡೋಣ" ಅನ್ನುತ್ತಿತ್ತು. ಬಾರ್ಬರಾ ಕೆಲವು ಗೆಳೆಯರನ್ನು ಕೂಡಿಸಿಕೊಂಡಳು. ಏಪ್ರಿಲ್ 23ರಂದು ಒಂದು ನೆಪ ಹೂಡಿ ಪ್ರಿನ್ಸಿಪಾಲರನ್ನು ಶಾಲೆಯಿಂದ ಹೊರಗೆ ಕಳಿಸಿದರು. ಎಲ್ಲರೂ ಸಭಾಂಗಣಕ್ಕೆ ಬರಬೇಕು ಎಂದು ಪ್ರಿನ್ಸಿಪಾಲರ ಹೆಸರಲ್ಲೇ ಚೀಟಿ ಹೋಯಿತು. ಪರದೆ ಸರಿದಾಗ ವೇದಿಕೆ ಮೇಲೆ ನಿಂತಿದ್ದವಳು ಬಾರ್ಬರಾ. ನಮಗೆ ಒಳ್ಳೆಯ ಶಾಲೆ ಸಿಗುವ ತನಕ ತರಗತಿಗೆ ಹೋಗೋದು ಬೇಡ ಅಂದಳು. ಇಡೀ ಶಾಲೆ ಅವಳ ಹಿಂದೆ ಎದ್ದು ಹೊರಗೆ ನಡೆಯಿತು.

ಆ ಮುಷ್ಕರ ಮೊಕದ್ದಮೆ ಆಯಿತು. ಮುಂದೆ ಅದೂ ಸೇರಿ ಐದು ಮೊಕದ್ದಮೆಗಳು ಒಟ್ಟಾಗಿ "ಬ್ರೌನ್" ಪ್ರಕರಣ ಎಂದು ಹೆಸರಾದವು. ಐದರಲ್ಲಿ ವಿದ್ಯಾರ್ಥಿಗಳ ಮುಷ್ಕರದಿಂದ ಹುಟ್ಟಿದ್ದು ಇದೊಂದೇ. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಬೇರೆ ಬೇರೆ ಶಾಲೆ ಅಂದ ಮೇಲೆ ಅಲ್ಲಿ ಸಮಾನತೆ ಇರಲು ಸಾಧ್ಯವೇ ಇಲ್ಲ ಅಂದಿತು. ಮರು ವರ್ಷ ಅದನ್ನು ಜಾರಿ ಮಾಡುವುದು ಹೇಗೆ ಎಂದು ಹೇಳುವಾಗ "ಯೋಚಿಸಿ, ಆದಷ್ಟು ಬೇಗ" ಎನ್ನುವ ಅರ್ಥದ ಒಂದು ಮಾತು ಸೇರಿಸಿತು. ಧಾರವಾಡದ ಹುಡುಗನಿಗೆ ಸಿಕ್ಕ "ಆದರೆ" ನೂರು ವರ್ಷದ ಮೇಲೆ ಅಲ್ಲಿ ಹೋಗಿ ಕೂತ ಹಾಗೆ ನನಗೆ ಕಾಣುತ್ತದೆ.

ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಯೋಚಿಸಿದರು. 1959ರಲ್ಲಿ ಒಂದು ದಾರಿ ಕಂಡುಕೊಂಡರು. ಕಪ್ಪು ಮಕ್ಕಳನ್ನು ಜೊತೆಗೆ ಕೂರಿಸಬೇಕು ಅಂತಾದರೆ ಸರ್ಕಾರಿ ಶಾಲೆಯೇ ಬೇಡ. ಶಾಲೆಗಳಿಗೆ ದುಡ್ಡು ಕೊಡುವುದನ್ನೇ ನಿಲ್ಲಿಸಿದರು. ಕೌಂಟಿಯ ಅಷ್ಟೂ ಸರ್ಕಾರಿ ಶಾಲೆಗಳಿಗೆ ಬೀಗ ಬಿತ್ತು. ಬಿಳಿಯರ ಮಕ್ಕಳಿಗಾಗಿ ಖಾಸಗಿ ಶಾಲೆ ಎದ್ದು ನಿಂತಿತು. ಅದಕ್ಕೆ ಸರ್ಕಾರದ ದುಡ್ಡಿನ ನೆರವೂ ಹರಿಯಿತು. ಸುಮಾರು 1,700 ಕಪ್ಪು ಮಕ್ಕಳಿಗೆ ಶಾಲೆ ಇಲ್ಲದಾಯಿತು. ಕೆಲವರನ್ನು ದೂರದ ನೆಂಟರ ಮನೆಗೆ ಕಳಿಸಿದರು. ಕೆಲವರು ಚರ್ಚಿನ ನೆಲಮಾಳಿಗೆಯಲ್ಲಿ ಒಂದಷ್ಟು ಕಲಿತರು. ಎಷ್ಟೋ ಮಕ್ಕಳು ಹೊಲದ ಕೆಲಸಕ್ಕೆ ಹೋದರು. ಬೀಗ ತೆಗೆದದ್ದು 1964ರಲ್ಲಿ. ಬೀಗ ಹಾಕಿದಾಗ ಏಳು ವರ್ಷದ ಮಗು ಆಗ ಹನ್ನೆರಡು ವರ್ಷದ್ದಾಗಿತ್ತು. ಒಂದರಿಂದ ಐದನೇ ಇಯತ್ತೆ ತನಕ ಏನೇನು ಕಲಿಸುತ್ತೇವೆ ಅನ್ನುವುದು ನಿಮಗೆ ಗೊತ್ತು. ಅಷ್ಟೂ ಹೋಯಿತು.

ಈ ಶಾಲೆಗಳ ಬಗ್ಗೆ ಸುಪ್ರೀಂ ಕೋರ್ಟ್ ಆ ವರ್ಷ ಕೊಟ್ಟ ತೀರ್ಪಿನಲ್ಲಿ ಜಸ್ಟಿಸ್ ಹ್ಯೂಗೋ ಬ್ಲ್ಯಾಕ್ ಬರೆದರು: ಯೋಚನೆ ವಿಪರೀತ ಆಯಿತು, ವೇಗ ಸಾಲದಾಯಿತು. ಬಾರ್ಬರಾ ಜಾನ್ಸ್‌ಳನ್ನು ಮುಷ್ಕರದ ನಂತರ ಸುರಕ್ಷತೆಗಾಗಿ ಅಲಬಾಮಾದಲ್ಲಿದ್ದ ಅಪ್ಪನ ಸೋದರನ ಮನೆಗೆ ಕಳಿಸಿಬಿಟ್ಟಿದ್ದರು. ಮುಂದೆ ಆಕೆ ಫಿಲಡೆಲ್ಫಿಯಾದಲ್ಲಿ ಗ್ರಂಥಪಾಲಕಿ ಆಗಿ ಕೆಲಸ ಮಾಡಿದರು.

ಅದೇ ದೇಶದ ಟೆಕ್ಸಾಸ್‌ನ ಇನ್ನೊಂದು ಪ್ರಸಂಗ ಚಿಕ್ಕದಾಗಿ ಹೇಳುತ್ತೇನೆ. ಕಾಗದಪತ್ರ ಇಲ್ಲದೆ ಮೆಕ್ಸಿಕೋದಿಂದ ಬಂದ ಮಕ್ಕಳು ಟೈಲರ್ ಎಂಬ ಊರಿನ ಶಾಲೆಗೆ ಬರಬೇಕಾದರೆ ವರ್ಷಕ್ಕೆ 1,000 ಡಾಲರ್ ಕಟ್ಟಬೇಕು ಎಂದು 1977ರಲ್ಲಿ ನಿಯಮ ಬಂತು. ನಾಲ್ಕು ಕುಟುಂಬಗಳು ಕೋರ್ಟಿಗೆ ಹೋದವು. ಯಾರ ಕಣ್ಣಿಗೂ ಬೀಳದಿರಲಿ ಎಂದು ನ್ಯಾಯಾಧೀಶರು ಬೆಳಗಿನ ಜಾವ ವಿಚಾರಣೆ ಇಟ್ಟುಕೊಂಡರು. ಅಲ್ಲಿಂದಲೇ ಗಡಿಪಾರು ಮಾಡಿದರೂ ಮಾಡಬಹುದು ಎಂದು ಆ ಅಪ್ಪ ಅಮ್ಮಂದಿರು ಸಾಮಾನು ಕಟ್ಟಿ ಕಾರಿನಲ್ಲಿ ಹೇರಿಕೊಂಡೇ ಬಂದಿದ್ದರು. ಮಗುವಿನ ಓದಿಗಾಗಿ ಇದ್ದ ನೆಲೆಯನ್ನೇ ಪಣಕ್ಕಿಟ್ಟವರು ಅವರು. 1982ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಐದು ಮಂದಿ ಪರ, ನಾಲ್ಕು ಮಂದಿ ವಿರುದ್ಧ. ಒಂದೇ ಒಂದು ಮತದ ಅಂತರ.

ಇಲ್ಲಿ ನಮ್ಮ ಒಂದು ಪದದ ಬಗ್ಗೆ ಹೇಳಬೇಕು. ವಿದ್ಯಾದಾನ. ಮಹಾದಾನ ಅಂತ ಹೊಗಳುತ್ತೇವೆ. ನಮ್ಮ ನಾಡಿನಲ್ಲಿ ಎಷ್ಟೋ ದೊಡ್ಡ ಮನಸ್ಸಿನವರು ಶಾಲೆ ಕಟ್ಟಿದ್ದಾರೆ, ಮಠಗಳು ಅನ್ನ ಹಾಕಿ ಓದಿಸಿವೆ. ನಾನೂ ಒಂದು ಪ್ರಸಾದ ನಿಲಯದ ಅನ್ನ ಉಂಡವಳೇ. ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು. ತಮ್ಮ ಶಾಲೆಯಲ್ಲಿ ಓದಿದ ಮಗು ಮುಂದೊಂದು ದಿನ ಕಾರಿನಲ್ಲಿ ಹೋಗುವಾಗ ಅದರ ಧೂಳು ತಮ್ಮ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದರು ಎನ್ನುವುದನ್ನು ಮಂಗಳೂರಿನವರು ಇವತ್ತಿಗೂ ಹೇಳುತ್ತಾರೆ. ಅಂಥವರಿಗೆ ನಾನು ಕೈ ಮುಗಿಯುತ್ತೇನೆ. ಆದರೂ ದಾನ ಬೇರೆ, ಹಕ್ಕು ಬೇರೆ. ದಾನ ಬೇಕಾದರೆ ಮಗು ಒಳ್ಳೆಯವರು ಇರುವ ಊರಿನಲ್ಲೇ ಹುಟ್ಟಬೇಕು. ದಾನ ಪಡೆದವರು ತಲೆ ತಗ್ಗಿಸಬೇಕು. ಹಕ್ಕು ಇದ್ದವರು ಯಾಕೆ ಕೊಡಲಿಲ್ಲ ಅಂತ ಕೇಳಬಹುದು. ರಂಗರಾಯರು ಕಟ್ಟಿದ ಶಾಲೆಯಲ್ಲಿ ಓದಿದ ಮಗುವಿಗೆ ಕಾರೂ ಬೇಕು, ಆ ಪ್ರಶ್ನೆ ಕೇಳುವ ಗಂಟಲೂ ಬೇಕು.

ದುಡ್ಡಿಲ್ಲ ಅನ್ನುವುದು ಎಲ್ಲಕ್ಕಿಂತ ಹಳೆಯ "ಆದರೆ". 1980ರ ದಶಕದಲ್ಲಿ ಆಫ್ರಿಕಾದ ಅನೇಕ ದೇಶಗಳು ಸಾಲದಲ್ಲಿ ಮುಳುಗಿದವು. ಖರ್ಚು ಕಡಿಮೆ ಮಾಡಿ ಎಂದು ಸಾಲ ಕೊಟ್ಟವರು ಒತ್ತಿದರು. ಪ್ರಾಥಮಿಕ ಶಾಲೆಗೂ ಫೀಸು ಬಂತು. ಕೀನ್ಯಾದಲ್ಲೂ ಹಾಗೇ ಆಯಿತು. 2003ರ ಜನವರಿಯಲ್ಲಿ ಅಲ್ಲಿನ ಹೊಸ ಸರ್ಕಾರ ಪ್ರಾಥಮಿಕ ಶಾಲೆಗಳ ಫೀಸು ತೆಗೆದುಹಾಕಿತು. ಒಂದೇ ವರ್ಷದಲ್ಲಿ ಮಕ್ಕಳ ಸಂಖ್ಯೆ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೆ ಏರಿತು. ಆ ಹದಿಮೂರು ಲಕ್ಷ ಮಕ್ಕಳ ಅಪ್ಪ ಅಮ್ಮಂದಿರಿಗೆ ಓದಿನ ಬೆಲೆ ಗೊತ್ತಿರಲಿಲ್ಲ ಅಂತ ಹೇಳಲು ಆಗುತ್ತಾ? ಅವರ ಹತ್ತಿರ ಫೀಸು ಇರಲಿಲ್ಲ, ಅಷ್ಟೇ.

ಮರು ವರ್ಷ ಎಲ್ಡೊರೆಟ್ ಹತ್ತಿರದ ಒಂದು ಶಾಲೆಯ ಒಂದನೇ ತರಗತಿಗೆ ಕಿಮಾನಿ ಮರುಗೆ ಎಂಬ 84 ವರ್ಷದ ಅಜ್ಜ ಬಂದು ಕೂತರು. ಸಮವಸ್ತ್ರದ ಚಡ್ಡಿ, ಕೈಯಲ್ಲಿ ಊರುಗೋಲು. ಬೈಬಲ್ ತಾನೇ ಓದಬೇಕು ಅನ್ನುವುದು ಅವರ ಆಸೆ. ಪಾದ್ರಿ ಹೇಳುವುದು ಅದರಲ್ಲಿ ನಿಜವಾಗಿ ಇದೆಯಾ ಅಂತ ಅವರಿಗೆ ಅನುಮಾನ. ಓದು ಬರುವುದು ಅಂದರೆ ಇದೇ ಅಲ್ಲವಾ? ಇನ್ನೊಬ್ಬರು ಹೇಳಿದ್ದನ್ನು ತಾನೇ ತೆಗೆದು ನೋಡುವ ಶಕ್ತಿ. ಆದರೆ ಫೀಸು ಹೋದಷ್ಟು ಬೇಗ ಕೋಣೆಗಳು ಏಳಲಿಲ್ಲ, ಮೇಷ್ಟ್ರುಗಳು ಬರಲಿಲ್ಲ. ಕೆಲವು ಕಡೆ ಒಂದೇ ಕೋಣೆಯಲ್ಲಿ ನೂರರ ಹತ್ತಿರ ಮಕ್ಕಳು ಕೂತರು. ಅದನ್ನು ಮುಚ್ಚಿಡಬಾರದು.

ಕ್ರೊಯೇಷಿಯಾದ ಕತಾರಿನಾ ತೊಮಾಶೆವ್ಸ್ಕಿ ಈ ಕಷ್ಟವನ್ನು ಚೆನ್ನಾಗಿ ಕಂಡವರು. ಶಿಕ್ಷಣದ ಹಕ್ಕಿಗೆಂದು ವಿಶ್ವಸಂಸ್ಥೆ 1998ರಲ್ಲಿ ನೇಮಿಸಿದ ಮೊದಲ ವಿಶೇಷ ವರದಿಗಾರ್ತಿ. ಹಕ್ಕನ್ನು ಅವರು ನಾಲ್ಕು ಕಡೆಯಿಂದ ತಟ್ಟಿ ನೋಡಿದರು. ಶಾಲೆ ಇದೆಯಾ? ಮಗು ಅಲ್ಲಿಗೆ ತಲುಪಬಹುದಾ? ಅಲ್ಲಿ ಸಿಗುವುದು ಮಗು ಒಪ್ಪಬಹುದಾದ ಪಾಠವಾ? ಮಗುವಿಗೆ ತಕ್ಕ ಹಾಗೆ ಶಾಲೆ ಬದಲಾಗುತ್ತಾ? ನಾವು ಸಾಮಾನ್ಯವಾಗಿ ಮೊದಲ ಪ್ರಶ್ನೆಗೇ ನಿಂತುಬಿಡುತ್ತೇವೆ. ಕಟ್ಟಡ ಇದೆ, ಮುಗಿಯಿತು ಅನ್ನುತ್ತೇವೆ. ನನಗೆ ಅತಿ ಮುಖ್ಯ ಅನ್ನಿಸುವುದು ನಾಲ್ಕನೆಯದು. ಮಗು ಶಾಲೆಗೆ ಹೊಂದಿಕೊಳ್ಳಬೇಕು ಅಂತ ನಾವು ಹೇಳುತ್ತಾ ಬಂದಿದ್ದೇವೆ. ಆಕೆ ಅದನ್ನು ತಿರುಗಿಸಿ ಕೇಳಿದರು.

ನಮ್ಮ ದೇಶದ ಕತೆ ನೀವು ಪಠ್ಯದಲ್ಲಿ ಓದಿರುತ್ತೀರಿ. ಬೇಗ ಹೇಳಿಬಿಡುತ್ತೇನೆ. 1911ರಲ್ಲಿ ಗೋಪಾಲಕೃಷ್ಣ ಗೋಖಲೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಮರು ವರ್ಷ 13ಕ್ಕೆ ವಿರುದ್ಧವಾಗಿ 38 ಮತಗಳಿಂದ ಅದು ಬಿದ್ದುಹೋಯಿತು. ಬೀಳಿಸಿದವರಲ್ಲಿ ಬ್ರಿಟಿಷರಷ್ಟೇ ಇರಲಿಲ್ಲ. 1950ರ ಸಂವಿಧಾನದ 45ನೇ ವಿಧಿ ಹತ್ತು ವರ್ಷದೊಳಗೆ 14 ವರ್ಷದ ತನಕದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಅಂದಿತು. 1960 ಬಂತು, ಹೋಯಿತು.

ಮುಂದಿನ ತಿರುವು ನಮ್ಮ ತುಮಕೂರಿನಿಂದ ಬಂತು. 1991ರಲ್ಲಿ ಉತ್ತರ ಪ್ರದೇಶದ ಮೋಹಿನಿ ಜೈನ್ ಅಲ್ಲಿನ ಖಾಸಗಿ ಮೆಡಿಕಲ್ ಕಾಲೇಜಿಗೆ ಸೇರಲು ಬಂದರು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಬೇರೆ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000. ಸರ್ಕಾರದ ಅಧಿಸೂಚನೆಯೇ ಹಾಗಿತ್ತು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. ಬದುಕುವ ಹಕ್ಕಿನೊಳಗೇ ಶಿಕ್ಷಣದ ಹಕ್ಕೂ ಇದೆ ಎಂದು 1992ರ ಜುಲೈನಲ್ಲಿ ಕೋರ್ಟ್ ಹೇಳಿತು. ಅಧಿಸೂಚನೆಯ ಆ ಭಾಗ ಬಿದ್ದುಹೋಯಿತು. ಆದರೆ ತರಗತಿಗಳು ಶುರುವಾಗಿ ವರ್ಷ ದಾಟಿತ್ತು, ಆಕೆಗೆ ಮಾತ್ರ ಸೀಟು ಸಿಗಲಿಲ್ಲ. ದೇಶಕ್ಕೆ ದಾರಿ ತೆರೆದವರು ತಾವೇ ಒಳಗೆ ಹೋಗಲಾಗಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಆ ಹಕ್ಕಿಗೆ 14 ವರ್ಷದ ಗೆರೆ ಎಳೆಯಿತು. 2002ರಲ್ಲಿ ಅದನ್ನು ಮೂಲಭೂತ ಹಕ್ಕು ಮಾಡುವ ಸಂವಿಧಾನದ 86ನೇ ತಿದ್ದುಪಡಿ ಬಂತು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಹತ್ತು ವರ್ಷ ಅಂದದ್ದು ಅರವತ್ತು ವರ್ಷ ಆಯಿತು.

ಗೆದ್ದ ಹಕ್ಕು ಕೈಯಲ್ಲೇ ಉಳಿಯುತ್ತದೆ ಅಂದುಕೊಳ್ಳಬೇಡಿ. ಅಫ್ಘಾನಿಸ್ತಾನದಲ್ಲಿ 2022ರ ಮಾರ್ಚ್ 23ರ ಬೆಳಿಗ್ಗೆ ಹೆಣ್ಣುಮಕ್ಕಳ ಹೈಸ್ಕೂಲುಗಳು ಮತ್ತೆ ತೆರೆಯಬೇಕಿತ್ತು. ತಿಂಗಳುಗಟ್ಟಲೆ ಕಾದಿದ್ದ ಹುಡುಗಿಯರು ಚೀಲ ಹೊತ್ತು ಬಂದರು. ಆಳುತ್ತಿದ್ದ ತಾಲಿಬಾನ್‌ನವರು ಕೆಲವೇ ಗಂಟೆಗಳಲ್ಲಿ ವಾಪಸ್ ಕಳಿಸಿದರು. ಸಮವಸ್ತ್ರ ಹೇಗಿರಬೇಕು ಎಂದು ತೀರ್ಮಾನ ಆಗುವ ತನಕ ಮಾತ್ರ ಈ ಮುಚ್ಚುವಿಕೆ ಎಂದು ಹೇಳಿದರು. ಅಲ್ಲೂ ಯಾರೂ "ಎಂದೆಂದಿಗೂ ಬೇಡ" ಅನ್ನಲಿಲ್ಲ ನೋಡಿ. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಹೆಣ್ಣುಮಕ್ಕಳಿಗೆ ಮುಚ್ಚಿತು. 2024ರ ಯುನೆಸ್ಕೋ ವರದಿಯ ಪ್ರಕಾರ ಜಗತ್ತಿನಲ್ಲಿ ಶಾಲೆಯ ಹೊರಗಿರುವ ಮಕ್ಕಳು, ಹದಿಹರೆಯದವರು ಸುಮಾರು 25 ಕೋಟಿ.

ಇಷ್ಟೆಲ್ಲ ಬೇರೆಯವರ "ಆದರೆ" ಹೇಳಿದೆ. ನನ್ನದೂ ಒಂದಿದೆ. ಅದನ್ನು ಹೇಳದೆ ಇಲ್ಲಿಂದ ಇಳಿದರೆ ನನಗೆ ಸಮಾಧಾನ ಆಗುವುದಿಲ್ಲ.

1990ರ ದಶಕ. ನಾನು ಕಲಘಟಗಿ ಕಡೆಯ ಒಂದು ಹಳ್ಳಿಯಲ್ಲಿ ಟೀಚರ್. ಏಳನೇ ತನಕ ಮಾತ್ರ ಶಾಲೆ. ಹೈಸ್ಕೂಲು ಏಳು ಕಿಲೋಮೀಟರ್ ದೂರ, ಬಸ್ಸಿಲ್ಲ. ತರಗತಿಗೇ ಮೊದಲು ಬಂದಿದ್ದ ಹುಡುಗಿಯ ಅಪ್ಪ ಒಂದು ದಿನ ಬಂದರು. "ಅಕ್ಕೋರ, ಹುಡುಗಿ ಶ್ಯಾಣ್ಯಾಕಿ ಅದಾಳ, ನನಗೂ ಗೊತ್ತೈತಿ. ಆದ್ರ ಅಷ್ಟು ದೂರ ಒಬ್ಬಾಕಿನ್ನ ಹ್ಯಾಂಗ ಕಳಸಲಿ?" ಅಂದರು. ನಾನು ಅರ್ಧ ಗಂಟೆ ಮಾತಾಡಿದೆ. ಕೊನೆಗೆ "ಓದಿಸಿದ್ರ ಚಲೋ ಇತ್ತು, ಆದ್ರ ನಿಮ್ಮ ಕಷ್ಟಾನೂ ಖರೇನ" ಅಂದೆ. ಅಲ್ಲಿಗೆ ಮುಗಿಯಿತು. 1856ರ ಠರಾವನ್ನು ಮೊದಲ ಸಲ ಓದಿದಾಗ ಆ ಸಂಜೆ ನೆನಪಾಗಿ ನನಗೆ ಮುಂದೆ ಓದಲಾಗಲಿಲ್ಲ. ನಾನು ಆಡಿದ ಮಾತೂ ಅದೇ ಆಗಿತ್ತು. 2006–07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದುಕೊಂಡು ಹೋಗುವುದನ್ನು ನೋಡಿದಾಗೆಲ್ಲ ಆ ಹುಡುಗಿಯನ್ನು ಲೆಕ್ಕಕ್ಕೆ ಸೇರಿಸಿ ನೋಡುತ್ತಿದ್ದೆ.

ಅದಕ್ಕೇ ನಿಮಗೆ ಕಾಯ್ದೆಯ ಕೆಲವು ಸೆಕ್ಷನ್ ಬಾಯಿಪಾಠ ಮಾಡಿ ಅನ್ನುತ್ತೇನೆ. ನವೆಂಬರ್‌ನಲ್ಲಿ ಒಂದು ಕುಟುಂಬ ಗುಳೆ ಬಂದು ನಿಮ್ಮ ಊರಿನ ಇಟ್ಟಿಗೆ ಭಟ್ಟಿಯಲ್ಲಿ ಇಳಿಯುತ್ತದೆ. ಹತ್ತು ವರ್ಷದ ಮಗು. ಟಿ.ಸಿ. ಇಲ್ಲ. 5ನೇ ಸೆಕ್ಷನ್ ಪ್ರಕಾರ ಟಿ.ಸಿ. ತಡವಾದರೂ ಸೇರಿಸಿಕೊಳ್ಳಬೇಕು. ಜನನ ಪ್ರಮಾಣಪತ್ರ ಇಲ್ಲ. ವಯಸ್ಸಿನ ದಾಖಲೆ ಇಲ್ಲದ್ದಕ್ಕೆ ವಾಪಸ್ ಕಳಿಸಬಾರದು, ಇದು 14ನೇ ಸೆಕ್ಷನ್. ವರ್ಷದ ಮಧ್ಯ ಬಂದಿದ್ದಾರೆ. ಅದಕ್ಕೂ ಇಲ್ಲ ಅನ್ನುವಂತಿಲ್ಲ, ಇದು 15ನೇ ಸೆಕ್ಷನ್. ಒಂದು ವೇಳೆ ಮಗು ಯಾವತ್ತೂ ಶಾಲೆಗೇ ಹೋಗಿಲ್ಲ ಅನ್ನಿ. ಆದರೂ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ ವಿಶೇಷ ತರಬೇತಿ ಕೊಡಬೇಕು ಅನ್ನುತ್ತದೆ 4ನೇ ಸೆಕ್ಷನ್. ನಾವು ಹೇಳಬಹುದಾದ ಒಂದೊಂದು "ಆದರೆ"ಯನ್ನೂ ಮೊದಲೇ ಊಹಿಸಿ ಬರೆದ ಹಾಗಿದೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು. "ಮೇಡಂ, ನಾನು ಹೊಸಬಳು. ಹೆಡ್ ಮಾಸ್ತರ್ರೇ ಬೇಡ ಅಂದರೆ?" ಒಳ್ಳೆಯ ಪ್ರಶ್ನೆ. ಮೊದಲು ಅವರ ಮುಂದೆ ಕಾಯ್ದೆ ಪುಸ್ತಕ ತೆರೆದಿಡು ಅಂದೆ. ಒಪ್ಪದಿದ್ದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನ ಹೇಳಬೇಕು ಅನ್ನುತ್ತದೆ 32ನೇ ಸೆಕ್ಷನ್. ಅಲ್ಲೂ ಆಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಮೂರು ತಿಂಗಳು ಮಗುವಿಗೆ ಜಾಸ್ತಿ ಆಯಿತು. ಅಷ್ಟರಲ್ಲಿ ಭಟ್ಟಿ ಕೆಲಸ ಅರ್ಧ ಮುಗಿದಿರುತ್ತದೆ. ಆದ್ದರಿಂದ ಬಂದ ದಿನವೇ ಒಳಗೆ ಕರೆದು ಕೂರಿಸಿಕೋ, ಬಿಸಿಯೂಟಕ್ಕೆ ತಟ್ಟೆ ಕೊಡು, ಹೆಸರು ಕೇಳಿ ಹಾಜರಿ ಪುಸ್ತಕದಲ್ಲಿ ಬರೆದುಕೋ ಅಂದೆ. ಪೆನ್ಸಿಲ್‌ನಲ್ಲಿ ಬೇಡ, ಪೆನ್ನಿನಲ್ಲಿ ಬರಿ.